ಕೋಡ್ ಮೂವತ್ತೊಂದು: ಮಾತಾಡಿಸಲಿಲ್ಲ

"ಹೋದ ಸಲ ನೀವು ಒಂದು ಪಕ್ಷಕ್ಕೆ ವೋಟು ಹಾಕಿದ್ದಿರಿ. ಈ ಸಲ ಇನ್ನೊಂದಕ್ಕೆ ಹಾಕಿದಿರಿ. ಯಾಕೆ?"

ಪ್ರಶ್ನೆ ಇಷ್ಟೇ. ಅಮೆರಿಕದ ಮೂರು ರಾಜ್ಯಗಳಲ್ಲಿ ಮನೆಮನೆಗೆ ಫೋನು ಮಾಡಿ ಇದನ್ನು ಕೇಳಿದ್ದರು. ಜನ ಕೊಟ್ಟ ಉತ್ತರಗಳನ್ನು ಮಷೀನು ಅಕ್ಷರಕ್ಕಿಳಿಸಿತ್ತು. ಆ ಉದ್ದನೆಯ ಪಟ್ಟಿ ಒಂದು ಸೋಮವಾರ ದಕ್ಷಿಣ ಲಂಡನ್ನಿನ ಕ್ರೋಯ್ಡನ್‌ನ ಆಫೀಸ್ ಕಟ್ಟಡವೊಂದರ ಆರನೇ ಮಹಡಿಯಲ್ಲಿ ನನ್ನ ಮುಂದೆ ಬಂದು ಬಿತ್ತು. ಒಂದೊಂದು ಉತ್ತರವನ್ನೂ ಓದಿ ಅದಕ್ಕೊಂದು ನಂಬರು ಹಾಕುವುದು ನನ್ನ ಕೆಲಸ. ದಿನಸಿ ತುಟ್ಟಿಯಾಯಿತು ಅಂದರೆ ಹನ್ನೊಂದು. ಕೆಲಸ ಹೋಯಿತು ಅಂದರೆ ಹನ್ನೆರಡು. ವಲಸೆ, ಗಡಿ ಅಂದರೆ ಹದಿನೈದು. ಆ ಮನುಷ್ಯನ ಮುಖ ಕಂಡರೇ ಆಗುವುದಿಲ್ಲ ಅಂದರೆ ಇಪ್ಪತ್ತೆರಡು. ಎಲ್ಲಿಯೂ ಕೂಡಿಬರದಿದ್ದರೆ ತೊಂಬತ್ತೇಳು, ಅಂದರೆ 'ಇತರೆ'.

ಇದಕ್ಕೆ ಕೋಡಿಂಗ್ ಅನ್ನುತ್ತಾರೆ. ಲಂಡನ್ನಿನ ಕನ್ನಡದವರ ಮುಂದೆ ನಾನು ಕೋಡಿಂಗ್ ಮಾಡುತ್ತೇನೆ ಅಂದರೆ ಅವರ ಕಣ್ಣು ಅರಳುತ್ತವೆ. "ಹೌದಾ! ಯಾವ ಲ್ಯಾಂಗ್ವೇಜು?" ಅನ್ನುತ್ತಾರೆ. "ಇಂಗ್ಲಿಷು" ಅನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಕೆಲಸ ಕೊಟ್ಟವರು ಅಮೆರಿಕದಲ್ಲಿ ಚುನಾವಣಾ ಪ್ರಚಾರ ನಡೆಸಿಕೊಡುವ ಒಂದು ಕಂಪನಿಯವರು. ಅಲ್ಲಿ ಪಕ್ಷ ಬದಲಿಸುವವರು ಬಹಳ ಮಂದಿ ಏನಲ್ಲ. ಹೆಚ್ಚಿನವರು ಅಪ್ಪ ಅಮ್ಮ ಹಾಕಿದ ಕಡೆಗೇ ಹಾಕುತ್ತಾರೆ, ಬೇಸರವಾದರೆ ಮನೆಯಲ್ಲಿ ಕೂರುತ್ತಾರೆ. ಆದರೆ ಕೆಲವು ಕಡೆ ಎರಡು ಪಕ್ಷಗಳು ತಕ್ಕಡಿಯ ಎರಡು ತಟ್ಟೆಯಂತೆ ಸಮಸಮ ನಿಂತಿರುತ್ತವೆ. ಅಲ್ಲಿ ಒಂದರಿಂದ ಇನ್ನೊಂದಕ್ಕೆ ಹೋದ ಹಿಡಿಯಷ್ಟು ಜನವೇ ಗೆಲುವು ಸೋಲು ನಿರ್ಧರಿಸುತ್ತಾರೆ. ಆ ಹಿಡಿ ಜನ ತಮ್ಮ ಪಕ್ಷ ಬಿಟ್ಟು ಯಾಕೆ ಹೋದರು, ಅವರನ್ನು ತಿರುಗಿ ಕರೆತರುವುದು ಹೇಗೆ? ಟಿ.ವಿ.ಯಲ್ಲಿ ಜಾಹೀರಾತು ಹಾಕಬೇಕೋ, ಮನೆಬಾಗಿಲಿಗೆ ಕಾರ್ಯಕರ್ತರನ್ನು ಕಳಿಸಬೇಕೋ? ಕಂಪನಿಗೆ ನಮ್ಮಿಂದ ಬೇಕಾಗಿದ್ದ ಉತ್ತರ ಅದು. ಆರು ವಾರ ಗಡುವು.

ಈ ಕೆಲಸಕ್ಕೆ ನಾವಿಬ್ಬರು. ನಾನು, ಮತ್ತು ಬೆಂಗಳೂರಿನ ಒಬ್ಬ ಹುಡುಗಿ. ಹುಡುಗಿ ಎಂದರೂ ಇಪ್ಪತ್ತೆಂಟು ದಾಟಿತ್ತು. ಇಲ್ಲಿಯೇ ಎಂ.ಎಸ್ಸಿ. ಓದಿದವಳು. ಓದಿದ ಮೇಲೆ ಎರಡು ವರ್ಷ ಉಳಿಯಲು ಕೊಡುವ ವೀಸಾ ಅವಳದು ಮುಗಿಯುತ್ತ ಬಂದಿತ್ತು. ನಮ್ಮ ಆಫೀಸಿನವರು ಕೆಲಸ ಕಾಯಂ ಮಾಡಿ ಸ್ಪಾನ್ಸರ್ ಮಾಡಿದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. "ಈ ಪ್ರಾಜೆಕ್ಟ್ ಚೆನ್ನಾಗಿ ಆಗಲಿ, ಆಮೇಲೆ ನೋಡೋಣ" ಅಂದಿದ್ದರು ನಮ್ಮ ಮ್ಯಾನೇಜರು. ಇಂಗ್ಲಿಷರ 'ನೋಡೋಣ' ನಮ್ಮ 'ನೋಡೋಣ'ಕ್ಕಿಂತ ಏನೂ ಹೆಚ್ಚಿನದಲ್ಲ, ಆದರೂ ಅವಳು ಅದನ್ನೇ ಹಿಡಿದುಕೊಂಡು ಕೂತಿದ್ದಳು.

ಮೊದಲ ದಿನ ನನ್ನನ್ನು ಆಂಟಿ ಅಂದಳು.

"ಆಂಟಿ ಗೀಂಟಿ ಅಂದ್ರ ನೋಡವ್ವಾ, ನಿನ್ನ ಪಟ್ಟಿನೂ ನನ್ನ ಪಟ್ಟಿನೂ ಎರಡೂ ನೀನಽ ಮಾಡಬೇಕಾಗ್ತದ" ಅಂದೆ.

"ಅಯ್ಯೋ ಸಾರಿ! ಹಾಗಾದ್ರೆ ಅಕ್ಕ ಅನ್ಲಾ?"

"ಹಾಂ, ಅಕ್ಕ ಅನ್ನು. ಅಕ್ಕಾರ ಅಂದ್ರೂ ನಡೀತದ."

ಅಲ್ಲಿಂದ ದಿನಾ ಅವಳು ಸ್ಟ್ರಾಟ್‌ಫರ್ಡ್‌ನಿಂದ ಎರಡು ಟ್ರೈನು ಬದಲಿಸಿ ಬಂದು, ಕೋಟು ಕಳಚುವ ಮೊದಲೇ, "ಅಕ್ಕ, ತಿಂಡಿ ಆಯ್ತಾ?" ಅನ್ನುತ್ತಿದ್ದಳು. ದಿನವಿಡೀ ನನಗೆ ಕನ್ನಡದಲ್ಲಿ ಕಿವಿಗೆ ಬೀಳುತ್ತಿದ್ದ ಮೊದಲ ಮಾತು ಅದು. ಮುಚ್ಚಿಡುವುದೇನು, ಎಷ್ಟೋ ದಿನ ಕೊನೆಯ ಮಾತೂ ಅವಳದೇ. ನಮ್ಮ ಯಜಮಾನರು ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳು ಲೀಡ್ಸ್‌ನಲ್ಲಿದ್ದಾಳೆ. ಭಾನುವಾರ ಫೋನು ಮಾಡುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಧಾರವಾಡ, ಬೆಳಗಾವಿ ಕಡೆಯ ಮನೆಗಳು ಕ್ರೋಯ್ಡನ್‌ನಲ್ಲಿ ಬೇಕಾದಷ್ಟಿವೆ. ಮೊದಲು ನವರಾತ್ರಿ ಬಂತೆಂದರೆ ಒಂದೇ ಸಂಜೆ ನಾಲ್ಕು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗುತ್ತಿದ್ದೆ. ಯಜಮಾನರು ತೀರಿಕೊಂಡ ವರ್ಷದಿಂದ ಯಾರೂ ಕರೆಯಲಿಲ್ಲ. ಬೇಕಂತ ಬಿಟ್ಟರೆಂದು ಹೇಳಲಾರೆ. ಕರೆದರೆ ನನಗೆ ನೋವಾದೀತು ಅಂದುಕೊಂಡರೇನೋ. ಇದೇ ಹೆಂಗಸರು ಕೌನ್ಸಿಲ್ ಮೀಟಿಂಗಿಗೆ ಹೋಗಿ ಕಸದ ಡಬ್ಬಿಯ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು. ನನಗೆ ಒಂದು ಫೋನು ಮಾಡಿ, "ಬರ್ತೀರೇನ್ರಿ?" ಎಂದು ಕೇಳುವ ಧೈರ್ಯ ಅವರಿಗಿರಲಿಲ್ಲ. ನನಗೆ ಸಿಟ್ಟಿತ್ತು. ಈಗಲೂ ಇದೆ.

ಕೋಡಿಂಗಿನ ಕ್ರಮ ಹೀಗೆ. ಮೊದಲು ಇನ್ನೂರು ಮುನ್ನೂರು ಉತ್ತರಗಳನ್ನು ಸುಮ್ಮನೆ ಓದಬೇಕು. ಯಾವ ಯಾವ ಕಾರಣ ಮತ್ತೆ ಮತ್ತೆ ಬರುತ್ತದೆ ಎಂದು ಗುರುತು ಹಾಕಿಕೊಂಡು ಪಟ್ಟಿ ಮಾಡಬೇಕು. ಆ ಪಟ್ಟಿಗೆ ಒಂದು ಕೋಡ್ ಪುಸ್ತಕ: ಪ್ರತಿ ನಂಬರಿನ ಎದುರು ಅದರ ಅರ್ಥ, ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ, ಎರಡು ಮೂರು ಮಾದರಿ ಉತ್ತರ. ಪುಸ್ತಕ ಬರೆಯುವುದು ಹಿರಿಯಳಾದ ನನ್ನ ಪಾಲಿಗಿತ್ತು. ಆಮೇಲೆ ಇಬ್ಬರೂ ಕೋಡ್ ಮಾಡಬೇಕು. ಒಂದಿಷ್ಟು ಉತ್ತರಗಳನ್ನು ಮಾತ್ರ ಇಬ್ಬರೂ, ಒಬ್ಬರದು ಒಬ್ಬರಿಗೆ ಕಾಣದಂತೆ, ಬೇರೆ ಬೇರೆ ಮಾಡಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಾಳೆಯಾದರೆ ಕೆಲಸ ಗಟ್ಟಿ, ಇಲ್ಲದಿದ್ದರೆ ಪುಸ್ತಕ ತಿದ್ದಬೇಕು.

ಎರಡನೇ ವಾರಕ್ಕೆ ಒಂದು ತೊಡಕು ಬಂತು. ತೊಂಬತ್ತೇಳು ಉಬ್ಬುತ್ತ ಹೋಯಿತು. 'ಇತರೆ' ಎಂಬುದು ಅಡುಗೆಮನೆಯ ಮೂಲೆಯ ಡಬ್ಬಿಯಿದ್ದಂತೆ, ಸಣ್ಣದಿರಬೇಕು. ದೊಡ್ಡದಾಯಿತೆಂದರೆ ನಾವು ಏನನ್ನೋ ನೋಡಿಲ್ಲ ಎಂದರ್ಥ. ಒಂದು ಇಡೀ ಗುರುವಾರ ಕೂತು ಆ ಡಬ್ಬಿಯನ್ನು ಬೋರಲು ಹಾಕಿ ಓದಿದೆ.

'ನಮ್ಮ ರಸ್ತೆಗೆ ಯಾರೂ ಬರಲಿಲ್ಲ.' 'ನನ್ನನ್ನು ಯಾರೂ ಕೇಳಲಿಲ್ಲ.' 'ಅವರಿಗೆ ನಾವು ಇದ್ದೇವೆಂಬುದೇ ಗೊತ್ತಿಲ್ಲ.' ಆಮೇಲೆ ಮತ್ತೆ ಮತ್ತೆ, ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನವರ ಬಾಯಲ್ಲಿ ಒಂದೇ ವಾಕ್ಯ: 'ದೇ ಡೋಂಟ್ ಸ್ಪೀಕ್ ಟು ಮಿ ಎನಿಮೋರ್.'

ಓದುತ್ತ ಓದುತ್ತ ಅದನ್ನು ಕನ್ನಡದಲ್ಲಿ ಹೇಳಿಕೊಂಡೆ. ಅವರು ಈಗ ನನ್ನನ್ನು ಮಾತಾಡಿಸುವುದಿಲ್ಲ! ದಿನಸಿ ಅಲ್ಲ, ಗಡಿ ಅಲ್ಲ. ಮಾತಾಡಿಸಲಿಲ್ಲ, ಅದಕ್ಕೇ ಬಿಟ್ಟು ಹೋದರು. ಇದು ನನಗಲ್ಲದೆ ಇನ್ನಾರಿಗೆ ತಿಳಿಯಬೇಕು?

ಮಧ್ಯಾಹ್ನ ಆಫೀಸಿನ ಅಡುಗೆಕೋಣೆಯಲ್ಲಿ, ಚಪಾತಿ ಬಿಸಿಮಾಡುತ್ತ, ಹುಡುಗಿಗೆ ನಮ್ಮ ಸೋದರಮಾವನ ಕಥೆ ಹೇಳಿದೆ.

"ಕೇಳಿಲ್ಲೆ. ನಮ್ಮ ಸೋದರಮಾವ ಮೂವತ್ತು ವರ್ಷ ಒಂದಽ ಪಕ್ಷಕ್ಕ ಹಾಕಿದವ. ಒಂದ ಸಲ ಮುನಸಿಪಾಲ್ಟಿ ಇಲೆಕ್ಷನ್‌ದಾಗ ಉಮೇದುವಾರ ಓಣಿಗೆ ಬಂದ. ಆಚಿ ಮನಿಗೆ ಕೈಮುಗದಾ, ಈಚಿ ಮನಿಗೆ ಕೈಮುಗದಾ. ನಮ್ಮ ಮಾವ ಕಟ್ಟಿ ಮ್ಯಾಲೆ ಕೂತಾನ, ಅವನ್ನ ನೋಡಲಾರದಽ ಹ್ವಾದ. ಮುಗೀತು! ಅವತ್ತಿಂದ ಸಾಯೋ ತನಕಾ ಆ ಪಕ್ಷಕ್ಕ ಒಂದ ವೋಟ ಹಾಕಲಿಲ್ಲ. ಕೇಳಿದ್ರ, 'ನಾ ಏನು ಹುಣಸೆ ಗಿಡಾನ?' ಅಂತಿದ್ದ."

ಹುಡುಗಿ ಬಿದ್ದು ಬಿದ್ದು ನಕ್ಕಳು. "ನಮ್ಮ ಕಡೆನೂ ಅಷ್ಟೇ ಅಕ್ಕ. ಮದುವೆಗೆ ಮನೆಗೆ ಬಂದು ಕರೀಲಿಲ್ಲ ಅಂತ ನಮ್ಮ ದೊಡ್ಡಮ್ಮ ಹನ್ನೆರಡು ವರ್ಷ ಮಾತು ಬಿಟ್ಟಿದ್ರು. ವಾಟ್ಸಾಪಲ್ಲಿ ಕಾರ್ಡ್ ಕಳ್ಸಿದ್ರಂತೆ."

"ನೋಡಿದೇನು? ಅಮೇರಿಕಾದ ಮಂದಿನೂ ಮಂದೀನಽ. ಇದನ್ನ ಇತರೆದಾಗ ಒಗಿಯೂದಲ್ಲ. ಇದಕ್ಕ ಒಂದ ನಂಬರ ಕೊಡಬೇಕು."

ಅವಳು ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಮೈಕ್ರೋವೇವ್ ಕೂಗಿತು. ನಾನು ಆಗಲೇ ಪುಸ್ತಕದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದೆ.

ಹೀಗೆ ಹುಟ್ಟಿದ್ದು ಕೋಡ್ ಮೂವತ್ತೊಂದು. ಅರ್ಥ: 'ಪಕ್ಷದವರು ತಮ್ಮ ಬಳಿ ಬರಲಿಲ್ಲ, ತಮ್ಮನ್ನು ಮಾತಾಡಿಸಲಿಲ್ಲ.' ಮಾದರಿಗಳಲ್ಲಿ ಮೂರನೆಯದಾಗಿ ಆ ವಾಕ್ಯವನ್ನೇ ಬರೆದೆ. 'ದೇ ಡೋಂಟ್ ಸ್ಪೀಕ್ ಟು ಮಿ' ಎಂದು ಬಂದಲ್ಲೆಲ್ಲ ಮೂವತ್ತೊಂದು ಹಾಕತಕ್ಕದ್ದು. ಹಿಂದಿನದನ್ನೆಲ್ಲ ತೆರೆದು ಇಬ್ಬರೂ ಮತ್ತೆ ಕೋಡ್ ಮಾಡಿದೆವು. ತೊಂಬತ್ತೇಳು ಜರ್ರನೆ ಇಳಿಯಿತು, ಮೂವತ್ತೊಂದು ದಿನಸಿಯ ಸಮಕ್ಕೆ ಬಂದು ನಿಂತಿತು. ಇಬ್ಬರದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆ ನಂಬರಿನಲ್ಲಿ ತಾಳೆ ಎಷ್ಟು ಚೆನ್ನಾಗಿತ್ತೆಂದರೆ, ಮ್ಯಾನೇಜರು ಸ್ಕ್ರೀನಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

ಈ ಮ್ಯಾನೇಜರು ನಿವೃತ್ತಿಗೆ ಹತ್ತಿರ ಬಂದ ಇಂಗ್ಲಿಷರು. ಅಮೆರಿಕದಲ್ಲಿ ಯಾವುದು ಕೆಂಪು ಪಕ್ಷ, ಯಾವುದು ನೀಲಿ ಎಂಬುದರಲ್ಲಿ ಈಗಲೂ ತಪ್ಪುತ್ತಾರೆ, ಯಾಕೆಂದರೆ ಈ ದೇಶದಲ್ಲಿ ಬಣ್ಣಗಳು ತಿರುಗಾಮುರುಗಾ. ನಾಲ್ಕು ವರ್ಷದಲ್ಲಿ ನನ್ನ ಕೆಲಸಕ್ಕೆ ಅವರು ಹೇಳಿದ್ದ ಅತಿ ದೊಡ್ಡ ಮಾತೆಂದರೆ 'ಪರವಾಗಿಲ್ಲ.' ಆ ದಿನ, "ಇದು ನಿಜಕ್ಕೂ ಹೊಸದು. ನಿಮಗೆ ಹೇಗೆ ಹೊಳೆಯಿತು?" ಅಂದರು. ನಾನು ಸೋದರಮಾವನ ಕಥೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಕ್ಕರು. ಅವರ ಮೇಜಿನ ಸುತ್ತ ಇನ್ನೂ ಇಬ್ಬರು ಬಂದು ನಿಂತರು, ಅವರಿಗೂ ಹೇಳಿದೆ. ಆ ಸಂಜೆ ಟ್ರಾಮಿನಲ್ಲಿ ಮನೆಗೆ ಹೋಗುವಾಗ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಎದುರು ಕೂತಿದ್ದ ಹೆಂಗಸು ಬೇರೆ ಸೀಟಿಗೆ ಹೋದಳು.

ಮುಂದಿನ ವಾರ ವಿಡಿಯೊದಲ್ಲಿ ಕಂಪನಿಯವರಿಗೆ ಮೊದಲ ವರದಿ ಒಪ್ಪಿಸಿದೆವು. ಅವರಿಗೆ ಬಲು ಹಿಡಿಸಿತು. ಜಾಹೀರಾತು ಕಡಿಮೆ ಮಾಡಿ, ಮನೆಬಾಗಿಲಿಗೆ ಹೋಗುವವರನ್ನು ದುಪ್ಪಟ್ಟು ಮಾಡುವ ಮಾತು ಅಲ್ಲಿಯೇ ಎದ್ದಿತು. ಮುಗಿಯುವಾಗ ಅವರಲ್ಲೊಬ್ಬರು, "ಅಂತಿಮ ವರದಿಗೆ ಮತದಾರರ ದನಿಯನ್ನೇ ಕೇಳಿಸಿದರೆ ಚೆನ್ನ. ಮೂವತ್ತೊಂದರ ಆರೇಳು ರೆಕಾರ್ಡಿಂಗ್ ಆರಿಸಿ ಕೊಡಿ" ಎಂದು ಕೇಳಿದರು. ಮೀಟಿಂಗ್ ಆದಮೇಲೆ ಮ್ಯಾನೇಜರು ಹುಡುಗಿಯನ್ನು ಕರೆದು, ಮುಂದಿನ ವಾರ ಬುಧವಾರದ ಹೊತ್ತಿಗೆ ಅವಳ ಕೆಲಸದ ವಿಚಾರ ಮೇಲಿನವರ ಹತ್ತಿರ ಮಾತಾಡುತ್ತೇನೆ ಅಂದರಂತೆ. ಅವಳು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಅಲ್ಲಿಯ ತನಕ ನಾವು ಓದಿದ್ದು ಬರಹವನ್ನು ಮಾತ್ರ. ದನಿ ಕೇಳಿರಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ. ರೆಕಾರ್ಡಿಂಗಿಗೆ ಅನುಮತಿ ಬಂದ ಮೇಲೆ ಕಿವಿಗೆ ಹೆಡ್‌ಫೋನು ಹಾಕಿ ಮೊದಲನೆಯದನ್ನು ತೆರೆದೆ. ಓಹಾಯೊದ ಒಬ್ಬ ಮುದುಕಿ. ಪ್ರಶ್ನೆ ಕೇಳಿದರು. "ದೇ ಡೋಂಟ್ ಸ್ಪೀಕ್ ಟು ಮಿ ಎನಿಮೋರ್" ಅಂದಳು. ನಮ್ಮ ಪಟ್ಟಿಯಲ್ಲಿದ್ದದ್ದು ಅಷ್ಟೇ, ಮಷೀನು ಮೊದಲ ಉತ್ತರವನ್ನು ಮಾತ್ರ ಅಕ್ಷರಕ್ಕಿಳಿಸಿತ್ತು. ಫೋನು ಮಾಡಿದಾತ ಪಾಪ ಬುದ್ಧಿವಂತ, ಮತ್ತೊಂದು ಮಾತು ಕೇಳಿದ್ದ: ಅಂದರೆ ಪಕ್ಷದವರು ಯಾರೂ ನಿಮ್ಮ ಹತ್ತಿರ ಬರಲಿಲ್ಲವೇ? ಮುದುಕಿ ನಕ್ಕಳು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಹೇಳಬೇಕೆಂದರೆ ಹೀಗೆ: "ಅಯ್ಯೋ ಮಗನೇ, ಬರದೆ ಏನು? ಪ್ರತಿ ಶನಿವಾರ ಬಾಗಿಲು ಬಡಿಯುತ್ತಾರೆ. ನಿಂತು ಅರ್ಧ ಗಂಟೆ ಮಾತಾಡುತ್ತಾರೆ. ನಮ್ಮೂರಿನ ಬಸ್ಸು ನಿಂತುಹೋಯಿತು, ನಾನು ಡಾಕ್ಟರ ಹತ್ತಿರ ಹೋಗುವುದು ಹೇಗೆ, ಅದು ಅವರ ಮಾತಲ್ಲಿಲ್ಲ. ಅವರ ಮಾತು ನನಗಲ್ಲ."

ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ.

ನನಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲವೇ? ಗೊತ್ತಿತ್ತು! ಧಾರವಾಡದಲ್ಲಿ ಎಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷು ಕಲಿಸಿದವಳು ನಾನು. ಒಂದು ಚಿತ್ರ 'ಸ್ಪೀಕ್ಸ್ ಟು ಮಿ' ಅಂದರೆ ಮನಸ್ಸಿಗೆ ತಾಕುತ್ತದೆ ಎಂದರ್ಥ, ಚಿತ್ರ ಎದ್ದು ಬಂದು ತಿಂಡಿ ಆಯ್ತೇನು ಎಂದು ಕೇಳುವುದಿಲ್ಲ. ಪಕ್ಷವೊಂದು 'ಡಸಂಟ್ ಸ್ಪೀಕ್ ಟು ಮಿ' ಅಂದರೆ, ಅವರು ಹೇಳುವುದಕ್ಕೂ ನನ್ನ ಬದುಕಿಗೂ ಸಂಬಂಧವಿಲ್ಲ ಎಂದು. ಅದು ಬೇರೆ, 'ಮಾತಾಡಿಸಲಿಲ್ಲ' ಬೇರೆ. ಈ ಎರಡನೆಯದು ಇಂಗ್ಲಿಷಿನಲ್ಲಿ ಒಂದೇ ಶಬ್ದದಲ್ಲಿ ಇಲ್ಲವೇ ಇಲ್ಲ. ಅವರ ವಾಕ್ಯವನ್ನು ನನ್ನ ಕನ್ನಡದಲ್ಲಿ ಓದಿದ್ದೆ. ಕನ್ನಡದ ತಪ್ಪೂ ಅಲ್ಲ ಅದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನವರಾತ್ರಿಗೆ ನನ್ನನ್ನು ಕರೆಯದವರ ಮೇಲಿನ ಸಿಟ್ಟನ್ನು ಓಹಾಯೊದ ಮುದುಕಿಯ ಬಾಯಿಗೆ ತುಂಬಿದ್ದೆ. ಇಬ್ಬರ ತಾಳೆ ಚೆನ್ನಾಗಿ ಬಂದದ್ದೂ ಈಗ ತಿಳಿಯಿತು ಅಂದುಕೊಂಡೆ: ಇಬ್ಬರೂ ಕನ್ನಡದವರು, ಇಬ್ಬರೂ ಒಂದೇ ಗುಂಡಿಗೆ ಬಿದ್ದಿದ್ದೇವೆ.

ಆಮೇಲೆ ನಾಲ್ಕು ದಿನ ಮೂವತ್ತೊಂದರ ಒಂದೊಂದೇ ರೆಕಾರ್ಡಿಂಗ್ ಕೇಳಿದೆ. ಕಾಗದದ ಮೇಲೆ ಎರಡು ಗೆರೆ ಎಳೆದು ಮೂರು ಸಾಲು ಮಾಡಿಕೊಂಡೆ. ನಿಜಕ್ಕೂ ಯಾರೂ ಬಾರದೆ ಇದ್ದವರು ಒಂದು ಕಡೆ. ಬಂದರು, ಮಾತು ತಾಕಲಿಲ್ಲ ಎಂದವರು ಇನ್ನೊಂದು ಕಡೆ. ಏನೂ ಹೇಳಲಾಗದ್ದು ಮೂರನೆಯ ಕಡೆ. ನಡುವಿನ ಸಾಲು ತುಂಬಿ ಕಾಗದದ ಹಿಂಬದಿಗೆ ಹೋಯಿತು. ಮೊದಲನೆಯದರಲ್ಲಿ ಉಳಿದವರು ಸ್ವಲ್ಪವೇ, ಆದರೆ ಇದ್ದರು. ಒಬ್ಬ ಲಾರಿ ಡ್ರೈವರು, ಹೆಂಡತಿ ಬಿಟ್ಟುಹೋದ ಮೇಲೆ ತನ್ನ ಬಾಗಿಲನ್ನು ಯಾರೂ ಬಡಿದಿಲ್ಲ, ಮತ ಕೇಳುವವರೂ ಬಡಿದಿಲ್ಲ ಅಂದ. ಹಾಗಂದವನು ಫೋನು ಮಾಡಿದ ಹುಡುಗನಿಗೆ, ಅಲ್ಲಿ ಹವೆ ಹೇಗಿದೆ ಎಂದು ಕೇಳಿದ. ಹುಡುಗ ನಿಯಮದಂತೆ ಮುಂದಿನ ಪ್ರಶ್ನೆಗೆ ಹೋದ. ಆ ಒಂದು ರೆಕಾರ್ಡಿಂಗ್ ನಾನು ಮೂರು ಸಲ ಕೇಳಿದೆ, ಕೆಲಸಕ್ಕಲ್ಲ.

ಈ ನಾಲ್ಕು ದಿನವೂ ಹುಡುಗಿ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದಳು.

"ಏನ್ ಅಕ್ಕ, ಬೆಳಗ್ಗೆಯಿಂದ ಹೆಡ್‌ಫೋನ್ ತೆಗ್ದೇ ಇಲ್ಲ?"

"ಕ್ಲಿಪ್ ಆರಸ್ಲಿಕತ್ತೀನವ್ವಾ."

"ಆರೇಳು ತಾನೇ ಕೇಳಿದ್ದು? ನಾನೂ ಕೇಳ್ಲಾ?"

"ಬ್ಯಾಡ, ನೀ ನಿನ್ನ ಕೆಲಸಾ ಮಾಡು."

ಹೇಳಿದರೆ ಏನಾಗುತ್ತದೆ ಎಂದು ನಾನೇ ಲೆಕ್ಕ ಹಾಕಿದ್ದೆ. ಬುಧವಾರ ಅವಳ ವಿಚಾರ. ಅದಕ್ಕೆ ಮೊದಲು ವರದಿ ಮುರಿದುಬಿದ್ದರೆ ಅವಳ ಗತಿ? ಗಾಬರಿಯಾಗುತ್ತಾಳೆ, ಅಳುತ್ತಾಳೆ, "ಇನ್ನೊಂದು ವಾರ ಸುಮ್ನಿರಿ ಅಕ್ಕ" ಅನ್ನುತ್ತಾಳೆ. ಅವಳು ಹಾಗೆ ಕೇಳಿದರೆ ಇಲ್ಲವೆನ್ನುವ ಗಟ್ಟಿತನ ನನಗಿದೆಯೇ? ಇರಲಿಲ್ಲ. ಆಚೆ ಕಡೆ ಯಾವುದೋ ಊರಿನಲ್ಲಿ ನಮ್ಮ ಮಾತು ನಂಬಿ ಸಾವಿರಾರು ಬಾಗಿಲು ಬಡಿಯಲು ಹೊರಟಿದ್ದಾರೆ, ಆಗಲೇ ಪ್ರತಿ ಶನಿವಾರ ಬಡಿಸಿಕೊಂಡು ಸಾಕಾದವರ ಬಾಗಿಲು. ಹಾಗಾಗಿ ಒಂದು ಉಪಾಯ ಕಂಡೆ. ಅವಳಿಗೆ ಹೇಳುವುದೇ ಬೇಡ. ನಾನೊಬ್ಬಳೇ ಹೋಗಿ, ತಪ್ಪೆಲ್ಲ ನನ್ನದೇ ಎಂದು ತಲೆ ಮೇಲೆ ಹೊತ್ತುಕೊಂಡುಬಿಡುವುದು. ಅವಳ ಮೈಗೆ ಏನೂ ಅಂಟಬಾರದು. ಆ ಉಪಾಯದ ಬಗ್ಗೆ ನನಗೆ ಹೆಮ್ಮೆಯೇ ಆಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೋದೆ. ಅವಳ ಟ್ರೈನು ಬರುವುದು ಒಂಬತ್ತರ ಮೇಲೆ. ಮ್ಯಾನೇಜರ ಮುಂದೆ ಕಾಗದ ಇಟ್ಟು, ಮುದುಕಿಯ ದನಿ ಕೇಳಿಸಿದೆ. ಅವರು ಕೊನೆಯವರೆಗೆ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಅರ್ಥ ನನಗೂ ಗೊತ್ತು" ಅಂದರು. "ಇಲ್ಲಿ ಹುಟ್ಟಿದವನು ನಾನು. ಪುಸ್ತಕಕ್ಕೆ ಸಹಿ ಹಾಕಿದವನೂ ನಾನೇ. ನಿಮ್ಮ ಮಾವನ ಕಥೆ ಕೇಳಿ ನಾನೂ ಅದೇ ಕಿವಿಯಲ್ಲಿ ಓದಿದೆ."

ಆಮೇಲೆ, "ಇಬ್ಬರೂ ಕೋಡ್ ಮಾಡಿದ್ದಿರಲ್ಲ. ಆಕೆಗೂ ಅನುಮಾನ ಬರಲಿಲ್ಲವೇ?" ಎಂದು ಕೇಳಿದರು.

"ಆಕೆಯದೇನೂ ತಪ್ಪಿಲ್ಲ" ಅಂದೆ. "ಆಕೆ ಸ್ವಂತ ಏನೂ ಮಾಡಿಲ್ಲ. ನಾನು ಬರೆದ ನಿಯಮವನ್ನು ಹಾಗೆಯೇ ಪಾಲಿಸಿದಳು ಅಷ್ಟೇ."

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ನಾನು ಅವಳನ್ನು ಉಳಿಸಿದೆ ಅಂದುಕೊಂಡು ಹೊರಗೆ ಬಂದೆ.

ಹತ್ತು ಗಂಟೆಗೆ ಅವಳನ್ನು ಕರೆದು ವಿಷಯ ಹೇಳಿದರು. ವಾಪಸು ಬಂದವಳು ನನ್ನ ಮುಖ ನೋಡಲಿಲ್ಲ. ಕೂತು ಕಂಪ್ಯೂಟರ್ ತೆರೆದಳು. ಮಧ್ಯಾಹ್ನ ಅಡುಗೆಕೋಣೆಗೂ ಬರಲಿಲ್ಲ. ಭಯಬಿದ್ದಿದ್ದಾಳೆ, ಎರಡು ದಿನದಲ್ಲಿ ಸರಿಹೋಗುತ್ತಾಳೆ ಅಂದುಕೊಂಡೆ.

ಕಂಪನಿಯವರು ಮೊದಲು ಸಿಟ್ಟಾದರು, ಆಮೇಲೆ ಎರಡು ವಾರ ಕೊಟ್ಟರು. ಮೂವತ್ತೊಂದನ್ನು ಎರಡಾಗಿ ಒಡೆದೆವು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಒಬ್ಬ ಹೆಂಗಸನ್ನು ಕರೆಸಿ, ದನಿ ಕೇಳಿಸಿ, ಹೊಸದಾಗಿ ತಾಳೆ ನೋಡಿದೆವು. ಕೊನೆಗೆ ನಾವು ಬರೆದದ್ದು ಮೊದಲಿನಷ್ಟು ಚಂದದ ಮಾತಲ್ಲ. ಜನ ಪಕ್ಷ ಬಿಡುವುದು ಒಂದು ಕಾರಣಕ್ಕಲ್ಲ. ದಿನಸಿ ತುಟ್ಟಿ ಅನ್ನುವವರಲ್ಲಿ ಎಷ್ಟೋ ಮಂದಿಗೆ ದಿನಸಿಗಿಂತ, ಅದು ತುಟ್ಟಿಯೇ ಆಗಿಲ್ಲವೆಂದು ತಮಗೇ ಬುದ್ಧಿ ಹೇಳಿದವರ ಮೇಲೆ ಸಿಟ್ಟು. ಬಾಗಿಲಿಗೆ ಹೋಗಬೇಕು, ನಿಜ. ಆದರೆ ಹೋಗಿ ಹೇಳುವುದನ್ನು ಕಡಿಮೆ ಮಾಡಿ ಕೇಳಬೇಕು, ಬಸ್ಸು ನಿಂತ ಊರಿನಲ್ಲಿ ಬಸ್ಸಿನ ಮಾತಾಡಬೇಕು. ಇಷ್ಟು ಬರೆಯಲು ನನಗೆ ಎರಡು ತಿಂಗಳು ಹಿಡಿದಿತ್ತು. ಮ್ಯಾನೇಜರು "ಪರವಾಗಿಲ್ಲ" ಅಂದರು.

ನನಗೆ ಏನೂ ಆಗಲಿಲ್ಲ. ತಪ್ಪನ್ನು ತಾನೇ ಒಪ್ಪಿಕೊಂಡವಳು ಎಂದು ಮರ್ಯಾದೆ ಒಂದು ತೂಕ ಹೆಚ್ಚೇ ಆಯಿತು. ಅವಳ ಕೆಲಸ ಕಾಯಂ ಆಗಲಿಲ್ಲ. ಯಾಕೆಂದು ಮ್ಯಾನೇಜರನ್ನು ಕೇಳಿದೆ. ಮನಸ್ಸಿಲ್ಲದ ಮನಸ್ಸಿನಿಂದ ಹೇಳಿದರು: ಮೇಲಿನವರಿಗೆ ಬೇಕಾಗಿದ್ದದ್ದು ಸ್ವಂತ ಬುದ್ಧಿಯಿಂದ ಪ್ರಶ್ನೆ ಮಾಡುವವರು, ಕೊಟ್ಟ ನಿಯಮ ಹಾಗೆಯೇ ಪಾಲಿಸುವವರಲ್ಲ. ನಾನು ಹೇಳಿದ ವಾಕ್ಯವನ್ನೇ ಅವರು ಬರೆದು ಕಳಿಸಿದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತು ಅನ್ನುತ್ತಾರಲ್ಲ, ಆ ಹಲ್ಲಿ ನಾನು.

ಅವಳ ಕೊನೆಯ ದಿನ ಶುಕ್ರವಾರ. ಕಾರ್ಡಿಗೆ ಎಲ್ಲರೂ ಸಹಿ ಹಾಕಿದರು, ಕೇಕು ಕತ್ತರಿಸಿದರು. ನಾಲ್ಕೂವರೆಗೇ ಕತ್ತಲಾಗಿತ್ತು. ಬ್ಯಾಗು ಹೆಗಲಿಗೇರಿಸಿ ಹೊರಟವಳ ಹಿಂದೆ ಕೋಟಿನ ಗುಂಡಿ ಕೂಡ ಹಾಕಿಕೊಳ್ಳದೆ ಓಡಿದೆ. ಸ್ಟೇಷನ್ನಿನ ಗೇಟಿನ ಹತ್ತಿರ ಸಿಕ್ಕಳು.

"ತಂಗಿ, ನಿಂದರು. ಒಂದ ಮಾತ ಕೇಳು. ನಾ ನಿನ್ನ ಉಳಸಬೇಕಂತನಽ ಹಂಗ ಹೇಳಿದೆ. ದೇವರಾಣಿ."

"ಗೊತ್ತು ಅಕ್ಕ" ಅಂದಳು. ಸಿಟ್ಟಿನಿಂದಲ್ಲ.

"ಇಬ್ರೂ ಕೂಡೇ ತಪ್ಪಿದ್ವಿ. ಕನ್ನಡದಾಗ ಓದಿದ್ವಿ. ನಿನಗ ಗಾಬರಿ ಆಗ್ತದಂತ ನಾ..."

"ಇಬ್ರೂ ಅಲ್ಲ ಅಕ್ಕ." ಅವಳು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. "ನಂಗೆ ಅವತ್ತೇ ಅನುಮಾನ ಇತ್ತು, ಮೈಕ್ರೋವೇವ್ ಹತ್ರ. ಸ್ಪೀಕ್ ಟು ಮಿ ಅಂದ್ರೆ ಆ ಅರ್ಥ ಅಲ್ವಲ್ಲ ಅಂತ. ಆದ್ರೆ ನೀವು ಅಷ್ಟು ಖುಷಿಯಾಗಿದ್ರಿ. ನಿಮ್ಮನ್ನ ಹಾಗೆ ನೋಡೇ ಇರ್ಲಿಲ್ಲ. ಪುಸ್ತಕದಲ್ಲಿ ಬರ್ದು ಕೊಟ್ರಿ, ಹಾಕ್ದೆ."

ನಾನು ತೆರೆದಿದ್ದ ಕೋಟನ್ನು ಎಳೆದು ಹಿಡಿದುಕೊಂಡೆ.

"ನಾಲ್ಕು ದಿನ ಪಕ್ಕದಲ್ಲೇ ಇದ್ದೆ. ಒಂದ್ಸಲ, ನಿಂಗೇನನ್ಸತ್ತೆ ಅಂತ ಕೇಳಿದ್ರೆ ಹೇಳ್ತಿದ್ದೆ. ಸೋಮವಾರ ನಿಮ್ ಜೊತೇಲೇ ಒಳಗೆ ಬರ್ತಿದ್ದೆ."

ಜನ ನಮ್ಮಿಬ್ಬರ ಸುತ್ತ ಸರಿದುಕೊಂಡು ಗೇಟು ದಾಟುತ್ತಿದ್ದರು. ನಾನು ಅವಳ ತೋಳು ಹಿಡಿದೆ.

"ಈಗ ಕೇಳ್ಲಿಕತ್ತೀನವ್ವಾ. ಹೇಳು. ನಿನಗೇನ ಅನಸ್ತದ?"

ಅವಳು ಮೇಲೆ ಬೋರ್ಡು ನೋಡಿದಳು.

"ಟ್ರೈನ್ ಬಂತು ಅಕ್ಕ" ಅಂದಳು.